ಪೇಪರ್ ಸೆಟ್ ಮಾಡುವವರು ಯಾರು? ಕರಾವಳಿಯ ಮಾರ್ಕು, ಜರ್ಮನಿಯ ಪರೀಕ್ಷೆ

ಪಿಯುಸಿ ಫಲಿತಾಂಶ ಬಂದ ದಿನ ನಮ್ಮ ಕರಾವಳಿಯ ಎರಡು ಜಿಲ್ಲೆಗಳಿಗೆ ಒಂಥರಾ ಹಬ್ಬ. 2024ರಲ್ಲಿ ದಕ್ಷಿಣ ಕನ್ನಡ ಶೇ 97.37 ತೆಗೆದು ರಾಜ್ಯಕ್ಕೇ ಮೊದಲು ಬಂತು, ಉಡುಪಿ ಎರಡನೆಯದು. 2025ರಲ್ಲಿ ಅದಲು ಬದಲು. ಉಡುಪಿ ಶೇ 93.90 ತೆಗೆದು ಮೊದಲು, ದಕ್ಷಿಣ ಕನ್ನಡ ಕೂದಲೆಳೆಯಷ್ಟು ಹಿಂದೆ. ಮೂರನೇ ಸ್ಥಾನ ಯಾರಿಗೆ ಹೋಯಿತು ಎಂದು ಇಲ್ಲಿ ಯಾರೂ ಕೇಳುವುದಿಲ್ಲ.

ಇಷ್ಟು ಮಾರ್ಕು ತೆಗೆಯುವ ಊರಿನ ಮಕ್ಕಳು ಇಂಜಿನಿಯರಿಂಗ್ ಮುಗಿಸಿ ಮಾಸ್ಟರ್ಸ್‌ಗೆಂದು ಜರ್ಮನಿಗೆ ಹೋಗುತ್ತಾರೆ. ಹೋದವರಲ್ಲಿ ಹಲವರು ಮೊದಲ ಸೆಮಿಸ್ಟರಿನಲ್ಲೇ ಒಂದೆರಡು ವಿಷಯದಲ್ಲಿ ಫೇಲಾಗುತ್ತಾರೆ. ಮನೆಗೆ ಫೋನ್ ಮಾಡಿದಾಗ ಚಳಿ ಬಗ್ಗೆ ಹೇಳುತ್ತಾರೆ, ಊಟದ ಬಗ್ಗೆ ಹೇಳುತ್ತಾರೆ, ಇದನ್ನು ಮಾತ್ರ ಹೇಳುವುದಿಲ್ಲ. ಬದುಕಿನಲ್ಲಿ ಒಮ್ಮೆಯೂ ಫೇಲಾಗದವರಿಗೆ ಅದನ್ನು ಹೇಗೆ ಹೇಳಬೇಕು ಎಂದೇ ಗೊತ್ತಿರುವುದಿಲ್ಲ, ಅಲ್ವಾ?

ಇದಕ್ಕೆ ಎಲ್ಲರ ಬಾಯಲ್ಲೂ ಒಂದು ಸಿದ್ಧ ಉತ್ತರ ಇದೆ. ನಮ್ಮದು ಬಾಯಿಪಾಠ, ಅವರದ್ದು ತಿಳುವಳಿಕೆ ಅಂತ. ನನಗೆ ಈ ಮಾತು ಒಪ್ಪಿಗೆಯಾಗುವುದಿಲ್ಲ. ಬಾಯಿಪಾಠ ಮಾಡುವ ಜರ್ಮನ್ ವಿದ್ಯಾರ್ಥಿಗಳೂ ಧಾರಾಳ ಇದ್ದಾರೆ, ಅರ್ಥ ಮಾಡಿಕೊಂಡು ಓದುವ ಕಾರ್ಕಳದ ಮಕ್ಕಳೂ ಇದ್ದಾರೆ. ವ್ಯತ್ಯಾಸ ಮಕ್ಕಳ ತಲೆಯಲ್ಲಿಲ್ಲ. ಪಾಠ ಮಾಡುವವರು ಯಾರು, ಪ್ರಶ್ನೆಪತ್ರಿಕೆ ಸೆಟ್ ಮಾಡುವವರು ಯಾರು, ತಿದ್ದುವವರು ಯಾರು ಎಂಬ ಸಾದಾ ವ್ಯವಸ್ಥೆಯಲ್ಲಿದೆ. ಎರಡು ದೇಶದ ಕ್ಲಾಸ್‌ರೂಮಿನ ನಡವಳಿಕೆ ಬಹುಪಾಲು ಅಲ್ಲಿಂದಲೇ ಹುಟ್ಟುತ್ತದೆ.

ಮೊದಲು ಜರ್ಮನಿ ಯಾಕೆ ಎಂಬುದನ್ನು ಬೇಗ ಮುಗಿಸೋಣ. 2023-24ರ ಚಳಿಗಾಲದ ಸೆಮಿಸ್ಟರಿನಲ್ಲಿ ಅಲ್ಲಿ ಸುಮಾರು 49 ಸಾವಿರ ಭಾರತೀಯ ವಿದ್ಯಾರ್ಥಿಗಳಿದ್ದರು. ಚೀನಾದವರನ್ನೂ ಹಿಂದೆ ಹಾಕಿ ಅಲ್ಲಿನ ವಿದೇಶಿ ವಿದ್ಯಾರ್ಥಿಗಳಲ್ಲಿ ನಮ್ಮವರೇ ಜಾಸ್ತಿ. ಕಾರಣ ದುಡ್ಡು. ಹೆಚ್ಚಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕ ಇಲ್ಲ, ಸೆಮಿಸ್ಟರಿಗೆ ಕೆಲವು ನೂರು ಯೂರೋ ಕಟ್ಟಿದರೆ ಆಯಿತು. ಆದರೆ ವೀಸಾ ಬೇಕಾದರೆ ಒಂದು ವರ್ಷದ ಖರ್ಚಿಗೆಂದು 11,904 ಯೂರೋ ಬ್ಲಾಕ್ಡ್ ಅಕೌಂಟಿನಲ್ಲಿ ಇಡಬೇಕು. ತಿಂಗಳಿಗೆ 992ರಂತೆ ಅದು ನಿಮ್ಮ ಕೈಗೆ ಬರುತ್ತದೆ. ಸರ್ಟಿಫಿಕೇಟುಗಳು ಅಸಲಿ ಎಂದು ತೋರಿಸಲು ಎಪಿಎಸ್ ಪತ್ರ 2022ರ ನವೆಂಬರಿನಿಂದ ಕಡ್ಡಾಯವಾಗಿದೆ. ಇನ್ನು, ಫೀಸೇ ಇಲ್ಲ ಎಂಬುದೂ ಎಲ್ಲ ಕಡೆ ನಿಜವಲ್ಲ. ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯ ಯುರೋಪಿಯನ್ ಒಕ್ಕೂಟದ ಹೊರಗಿನವರಿಂದ 2017ರಿಂದ ಸೆಮಿಸ್ಟರಿಗೆ 1,500 ಯೂರೋ ತೆಗೆದುಕೊಳ್ಳುತ್ತಿದೆ. ಮ್ಯೂನಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯವೂ 2024ರಿಂದ ಶುರು ಮಾಡಿದೆ. ಖಾಸಗಿ ವಿಶ್ವವಿದ್ಯಾಲಯಗಳ ಕಥೆ ಬೇರೆಯೇ. ಅಲ್ಲಿ ಫೀಸ್ ನಮ್ಮ ಮ್ಯಾನೇಜ್‌ಮೆಂಟ್ ಸೀಟಿನ ಹಾಗೆ. ಕನ್ಸಲ್ಟೆನ್ಸಿಯವರು ಜರ್ಮನಿ ಎಂದಾಗ ಯಾವ ಜರ್ಮನಿ ಎಂದು ಕೇಳುವುದು ಒಳ್ಳೆಯದು.

ಈಗ ನಮ್ಮ ಕಡೆಯ ವಿಷಯ.

ಸೆಮಿಸ್ಟರ್ ಮುಗಿಯುವ ಹೊತ್ತಿಗೆ ಮಂಗಳೂರಿನ ಯಾವುದಾದರೂ ಇಂಜಿನಿಯರಿಂಗ್ ಕಾಲೇಜಿನ ಹತ್ತಿರದ ಜೆರಾಕ್ಸ್ ಅಂಗಡಿಯಲ್ಲಿ ಸ್ವಲ್ಪ ಹೊತ್ತು ನಿಂತು ನೋಡಿ. ಐದಾರು ವರ್ಷದ ಹಳೇ ಪೇಪರುಗಳು ಸ್ಪೈರಲ್ ಬೈಂಡಿಂಗ್ ಆಗಿ ಜೋಡಿಸಿಟ್ಟಿರುತ್ತವೆ. ಅದನ್ನು ಬಿಡಿಸಿ ಹಿಡಿದುಕೊಂಡ ಹುಡುಗ ಪಕ್ಕದವನಿಗೆ ಹೇಳುತ್ತಾನೆ: 'ಮೂರನೇ ಮಾಡ್ಯೂಲಲ್ಲಿ ಇದು ನಾಲ್ಕು ಸಲ ಬಂದಿದೆ ಮಾರಾಯ, ಈ ಸಲ ಗ್ಯಾರಂಟಿ.' ವಿಟಿಯು (ಬೆಳಗಾವಿಯ ತಾಂತ್ರಿಕ ವಿಶ್ವವಿದ್ಯಾಲಯ) ಪೇಪರಿನ ಮಾದರಿ ಗೊತ್ತಿದ್ದವರಿಗೆ ಇದರ ಲೆಕ್ಕ ಅರ್ಥವಾಗುತ್ತದೆ. ಐದು ಮಾಡ್ಯೂಲ್, ಒಂದೊಂದರಿಂದ ಎರಡು ಪೂರ್ಣ ಪ್ರಶ್ನೆ, ಅದರಲ್ಲಿ ಒಂದನ್ನು ಬರೆದರೆ ಸಾಕು. ಅಂದರೆ ಪ್ರತಿ ಮಾಡ್ಯೂಲಿನ ಅರ್ಧ ಬಿಟ್ಟರೂ ನೂರಕ್ಕೆ ನೂರು ಬರೆಯುವ ದಾರಿ ಇದೆ. ಯಾವ ಅರ್ಧ ಬಿಡಬೇಕು ಎಂದು ಗೊತ್ತಿರಬೇಕು, ಅಷ್ಟೇ. ಇದು ದಡ್ಡರ ಕೆಲಸವಲ್ಲ. ಪೇಪರಿನ ನಾಡಿ ಹಿಡಿಯುವುದೂ ಒಂದು ವಿದ್ಯೆಯೇ, ಅದರಲ್ಲಿ ನಮ್ಮವರು ಪಳಗಿದವರು.

ಮೇಷ್ಟ್ರು ಏನು ಮಾಡುತ್ತಾರೆ? ಕೊನೆಯ ಕ್ಲಾಸಿನಲ್ಲಿ ಯಾರಾದರೊಬ್ಬರು 'ಸರ್, ಇಂಪಾರ್ಟೆಂಟ್ ಹೇಳಿ ಸರ್' ಎಂದು ಕೇಳುತ್ತಾರೆ. ಸರ್ ನಗುತ್ತಾ ಪುಸ್ತಕ ತೆಗೆಸಿ ಟಿಕ್ ಹಾಕಿಸುತ್ತಾರೆ. ಇದರಲ್ಲಿ ಮೋಸ ಇಲ್ಲ. ಯಾಕೆಂದರೆ ಪೇಪರ್ ಸೆಟ್ ಮಾಡುವುದು ಅವರಲ್ಲ, ತಿದ್ದುವುದೂ ಅವರಲ್ಲ. ಪೇಪರ್ ಬೆಳಗಾವಿಯಿಂದ ಬರುತ್ತದೆ, ಉತ್ತರ ಪತ್ರಿಕೆ ಬೇರೆ ಯಾವುದೋ ಕಾಲೇಜಿನ ಯಾರದ್ದೋ ಕಂಪ್ಯೂಟರಿಗೆ ಹೋಗುತ್ತದೆ. ಇಂಟರ್ನಲ್ಸ್ ಬಿಟ್ಟರೆ ನಮ್ಮ ಮೇಷ್ಟ್ರು ತೀರ್ಪು ಕೊಡುವವರಲ್ಲ, ನಮ್ಮ ಪರ ವಾದಿಸುವ ವಕೀಲರು. ಎದುರಾಳಿ ಎಲ್ಲೋ ದೂರದಲ್ಲಿದ್ದಾನೆ, ಅವನ ಮುಖ ಇಬ್ಬರೂ ನೋಡಿಲ್ಲ. ನೋಟ್ಸ್ ಡಿಕ್ಟೇಟ್ ಮಾಡುವುದು, ಮಾದರಿ ಉತ್ತರ, ಅಂಡರ್‌ಲೈನ್, 'ಪಾಯಿಂಟ್ ವೈಸ್ ಬರೆಯಿರಿ' ಎಂಬ ಬುದ್ಧಿಮಾತು, ಎಲ್ಲವೂ ಈ ಕಾಣದ ಎದುರಾಳಿಗಾಗಿ.

ಈ ಕಾಣದ ಪರೀಕ್ಷಕ ಭಾರತದ ಸಂಸ್ಕೃತಿಯಿಂದ ಬಂದವನಲ್ಲ ಎಂಬುದು ತಮಾಷೆ. ಅವನು ಲಂಡನ್ನಿನವನು. 1836ರಲ್ಲಿ ಶುರುವಾದ ಲಂಡನ್ ವಿಶ್ವವಿದ್ಯಾಲಯ ಆಗ ಪಾಠ ಮಾಡುತ್ತಿರಲಿಲ್ಲ, ಬೇರೆ ಕಾಲೇಜುಗಳ ಮಕ್ಕಳಿಗೆ ಪರೀಕ್ಷೆ ನಡೆಸಿ ಡಿಗ್ರಿ ಕೊಡುತ್ತಿತ್ತು. 1857ರಲ್ಲಿ ಕಲ್ಕತ್ತಾ, ಬಾಂಬೆ, ಮದ್ರಾಸ್ ವಿಶ್ವವಿದ್ಯಾಲಯಗಳನ್ನು ಅದೇ ಅಚ್ಚಿನಲ್ಲಿ ಮಾಡಿದರು. ನಮ್ಮ ಜಿಲ್ಲೆ ಆಗ ಮದ್ರಾಸ್ ಪ್ರಾಂತ್ಯದಲ್ಲಿತ್ತು. 1880ರಲ್ಲಿ ಶುರುವಾದ ಸಂತ ಅಲೋಶಿಯಸ್ ಕಾಲೇಜು ಇಲ್ಲಿ, ಪರೀಕ್ಷೆ ನಡೆಸುವ ವಿಶ್ವವಿದ್ಯಾಲಯ ಮದ್ರಾಸಿನಲ್ಲಿ. ರಾಜ್ಯ ಒಂದಾದ ಮೇಲೆ ಅದು ಮೈಸೂರಿಗೆ ಹೋಯಿತು. 1980ರಲ್ಲಿ ಮಂಗಳೂರು ವಿಶ್ವವಿದ್ಯಾಲಯ ಆದಾಗ ಕೊಣಾಜೆಗೆ ಬಂತು. ವಿಳಾಸ ಹತ್ತಿರವಾಯಿತು, ಪದ್ಧತಿ ಅದೇ ಉಳಿಯಿತು.

ಜರ್ಮನಿಯಲ್ಲಿ ಪಾಠ ಮಾಡಿದವರೇ ಪೇಪರ್ ಸೆಟ್ ಮಾಡುತ್ತಾರೆ, ಅವರ ಮತ್ತು ಅವರ ಸಹಾಯಕರ ಕೈಯಲ್ಲೇ ತಿದ್ದುವ ಕೆಲಸವೂ ಮುಗಿಯುತ್ತದೆ. 1810ರಲ್ಲಿ ಬರ್ಲಿನ್ ವಿಶ್ವವಿದ್ಯಾಲಯ ಶುರುವಾದಾಗ ಅದರ ರೂವಾರಿ ಹುಂಬೋಲ್ಟ್ ಹಾಕಿಕೊಟ್ಟ ದಾರಿ ಅದು. ಸಂಶೋಧನೆ ಮಾಡುವವನೇ ಪಾಠ ಮಾಡಬೇಕು, ತನ್ನ ವಿಷಯಕ್ಕೆ ಅವನೇ ಯಜಮಾನ. ಬೋಧನೆಯ ಸ್ವಾತಂತ್ರ್ಯ ಅವರ ಸಂವಿಧಾನದ 5ನೇ ವಿಧಿಯಲ್ಲೇ ಇದೆ. ಹಾಗಾಗಿ 'ಇಂಪಾರ್ಟೆಂಟ್ ಹೇಳಿ ಸರ್' ಎಂದು ಅಲ್ಲಿ ಕೇಳಿದರೆ ವಕೀಲರಿಗೆ ಕೇಳಿದಂತಲ್ಲ, ನ್ಯಾಯಾಧೀಶರಿಗೇ ಕೇಳಿದಂತೆ. ಅವರು ಮುಖ ನೋಡಿ, 'ಕ್ಲಾಸಿನಲ್ಲಿ ಆಗಿದ್ದೆಲ್ಲ' ಎನ್ನುತ್ತಾರೆ. ಹಳೇ ಪೇಪರ್ ಅಲ್ಲೂ ಸಿಗುತ್ತದೆ, ವಿಭಾಗದ ವಿದ್ಯಾರ್ಥಿ ಸಂಘದವರು ಕೂಡಿಟ್ಟಿರುತ್ತಾರೆ. ಆದರೆ ಪ್ರೊಫೆಸರ್ ಬದಲಾದರೆ ಅದು ರದ್ದಿ ಪೇಪರ್.

ಹಾಜರಾತಿ ವಿಷಯದಲ್ಲೂ ನಮ್ಮವರು ಎಡವುತ್ತಾರೆ. ಇಲ್ಲಿ ಶೇ 75, ಕೆಲವು ಕಡೆ 85 ಇಲ್ಲದಿದ್ದರೆ ಹಾಲ್‌ಟಿಕೆಟ್ ಕೊಡುವುದಿಲ್ಲ, ಮನೆಗೆ ಮೆಸೇಜ್ ಹೋಗುತ್ತದೆ. ಅಲ್ಲಿ ಲ್ಯಾಬ್, ಸೆಮಿನಾರ್ ಬಿಟ್ಟರೆ ಹೆಚ್ಚಿನ ಉಪನ್ಯಾಸಗಳಿಗೆ ಹಾಜರಿಯೇ ಇಲ್ಲ. ಹತ್ತಕ್ಕೆ ಎಂದು ಬರೆದ ಕ್ಲಾಸ್ ಎಷ್ಟೋ ಕಡೆ ಹತ್ತೂ ಕಾಲಿಗೆ ಶುರುವಾಗುತ್ತದೆ, ಅದು ತಡವಲ್ಲ, ಹಳೇ ಸಂಪ್ರದಾಯ. ಮುಗಿದಾಗ ಎಲ್ಲರೂ ಬೆರಳ ಗಂಟಿನಿಂದ ಬೆಂಚು ಕುಟ್ಟುತ್ತಾರೆ, ಚಪ್ಪಾಳೆ ಬದಲಿಗೆ. ಯಾರು ಬಂದರು, ಯಾರು ಬರಲಿಲ್ಲ, ಯಾರೂ ಬರೆದಿಟ್ಟುಕೊಳ್ಳುವುದಿಲ್ಲ. ಮೊದಲ ತಿಂಗಳು ನಮ್ಮ ಹುಡುಗರಿಗೆ ಇದು ಸ್ವರ್ಗ.

ಲೆಕ್ಕ ಬೇರೆ ಇದೆ. ಅಲ್ಲಿ ಒಂದು ಕ್ರೆಡಿಟ್ ಎಂದರೆ ಸಾಮಾನ್ಯವಾಗಿ 30 ಗಂಟೆ ಕೆಲಸ. ಆರು ಕ್ರೆಡಿಟ್ಟಿನ ಒಂದು ವಿಷಯಕ್ಕೆ 180 ಗಂಟೆ. ವಾರಕ್ಕೆ ನಾಲ್ಕು ಗಂಟೆ ಕ್ಲಾಸ್ ಎಂದಿಟ್ಟುಕೊಂಡರೂ ಹದಿನೈದು ವಾರಕ್ಕೆ 60 ಗಂಟೆ. ಉಳಿದ 120 ಗಂಟೆ ನಿಮ್ಮದು. ಅದನ್ನು ಎಲ್ಲಿ ಕೂತು, ಯಾವಾಗ ಮಾಡುತ್ತೀರಿ ಎಂದು ಯಾರೂ ಕೇಳುವುದಿಲ್ಲ. ಗಣಿತ, ಕಂಪ್ಯೂಟರ್ ಸೈನ್ಸ್‌ನಂಥ ಎಷ್ಟೋ ವಿಷಯಗಳಲ್ಲಿ ವಾರಕ್ಕೊಂದು ಲೆಕ್ಕದ ಹಾಳೆ ಕೊಡುತ್ತಾರೆ. ಕೆಲವು ಕಡೆ ಅದರಲ್ಲಿ ಅರ್ಧದಷ್ಟಾದರೂ ಅಂಕ ಇಲ್ಲದಿದ್ದರೆ ಪರೀಕ್ಷೆಗೇ ಕೂರಿಸುವುದಿಲ್ಲ. ನಮ್ಮಲ್ಲಿ ಕೊನೆಯ ಹತ್ತು ದಿನ ಸ್ಟಡಿ ಹಾಲಿಡೇಸ್‌ನಲ್ಲಿ ಉಸಿರು ಬಿಗಿಹಿಡಿದು ಓದಿ ದಾಟುವ ಅಭ್ಯಾಸ. ಅಲ್ಲಿ ಆ ಹತ್ತು ದಿನಕ್ಕೆ ಬೆಲೆ ಕಮ್ಮಿ.

ಅಲ್ಲೂ ಮೂರು, ಇಲ್ಲೂ ಮೂರು

ಕರ್ನಾಟಕ 2024ರಲ್ಲಿ ಎಸ್ಸೆಸ್ಸೆಲ್ಸಿಗೂ ಪಿಯುಸಿಗೂ ಒಂದೇ ವರ್ಷದಲ್ಲಿ ಮೂರು ಪರೀಕ್ಷೆ ತಂದಿತು. ಮೂರೂ ಬರೆಯಬಹುದಿತ್ತು, ಜಾಸ್ತಿ ಬಂದ ಮಾರ್ಕು ಇಟ್ಟುಕೊಳ್ಳಬಹುದಿತ್ತು. ಆಗಲೇ ಇಲ್ಲವೆಂದರೆ ಮುಂದಿನ ವರ್ಷ ಇದ್ದೇ ಇತ್ತು. ಜರ್ಮನಿಯ ಹೆಚ್ಚಿನ ವಿಶ್ವವಿದ್ಯಾಲಯಗಳಲ್ಲೂ ಒಂದು ಪರೀಕ್ಷೆಗೆ ಮೂರು ಅವಕಾಶ. ಕೇಳಲು ಒಂದೇ ಥರ, ಅರ್ಥ ತಿರುಗುಮುರುಗು. ಅಲ್ಲಿ ಪಾಸಾದ ವಿಷಯವನ್ನು ಮಾರ್ಕು ಜಾಸ್ತಿ ಮಾಡಿಕೊಳ್ಳಲು ಸಾಮಾನ್ಯವಾಗಿ ಮತ್ತೆ ಬರೆಯಲು ಬಿಡುವುದಿಲ್ಲ. ಕಡ್ಡಾಯ ವಿಷಯದಲ್ಲಿ ಮೂರನೇ ಸಲವೂ ಫೇಲಾದರೆ ಆ ಕೋರ್ಸಿನಿಂದ ಹೆಸರು ಹೊಡೆದುಹಾಕುತ್ತಾರೆ. ಅಷ್ಟೇ ಅಲ್ಲ, ಅದೇ ಕೋರ್ಸನ್ನು ಜರ್ಮನಿಯ ಬೇರೆ ವಿಶ್ವವಿದ್ಯಾಲಯದಲ್ಲಿ ಮುಂದುವರಿಸುವ ದಾರಿಯೂ ಮುಚ್ಚುತ್ತದೆ. ವೀಸಾ ಓದಿಗೆ ಕೊಟ್ಟದ್ದು, ಅದಕ್ಕೂ ಕುತ್ತು.

ಬ್ಯಾಕ್ ಲಾಗ್ ಇಟ್ಟುಕೊಂಡು ಮುಂದೆ ಹೋಗಿ, ಕೊನೆಯಲ್ಲಿ ಎಲ್ಲ ಕ್ಲಿಯರ್ ಮಾಡುವ ನಮ್ಮ ಪದ್ಧತಿಗೆ ಒಗ್ಗಿದವರಿಗೆ ಇದು ಬಂಡೆಗೆ ಹಾಯ್ದಂತೆ. 'ಸುಮ್ನೆ ಒಂದು ಸಲ ಬರೆದು ನೋಡೋಣ' ಎಂದು ಹೋಗಿ ಒಂದು ಅವಕಾಶ ಕಳೆದುಕೊಂಡವರ ಕಥೆ ಬೇಕಾದಷ್ಟಿದೆ. ಪರೀಕ್ಷೆಗೆ ನಾವೇ ಹೆಸರು ನೋಂದಾಯಿಸಬೇಕು, ತಯಾರಿ ಸಾಲದಿದ್ದರೆ ಗಡುವಿನೊಳಗೆ ವಾಪಸ್ ತೆಗೆಯಲೂಬಹುದು. ಹೀಗೆ ವಾಪಸ್ ತೆಗೆಯುವುದು ಅಲ್ಲಿ ನಾಚಿಕೆಯ ವಿಷಯವಲ್ಲ. ನಮ್ಮ ಮಕ್ಕಳಿಗೆ ಅದು ಸೋಲು ಎನಿಸುತ್ತದೆ, ಹಾಗಾಗಿ ಮಾಡುವುದಿಲ್ಲ.

ಇದರ ಹಿಂದೆ ಇನ್ನೊಂದು ವ್ಯತ್ಯಾಸ ಇದೆ. ನಮ್ಮಲ್ಲಿ ಒಳಗೆ ಹೋಗುವುದು ಕಷ್ಟ. ಸಿಇಟಿ, ನೀಟ್, ಜೆಇಇ ಎಂದು ಹದಿನೇಳನೇ ವಯಸ್ಸಿನಲ್ಲಿ ಜೀವ ತೇಯುತ್ತೇವೆ. ಒಳಗೆ ಹೋದ ಮೇಲೆ ಹೇಗೋ ಹೊರಗೆ ಬಂದೇ ಬರುತ್ತೇವೆ. ಅವರಲ್ಲಿ ಎಷ್ಟೋ ಕೋರ್ಸುಗಳಿಗೆ ಒಳಗೆ ಬರುವುದು ಸುಲಭ, ಸೋಸುವ ಕೆಲಸ ಒಳಗೆ ನಡೆಯುತ್ತದೆ. ಮೊದಲ ವರ್ಷದ ಗಣಿತದ ಪರೀಕ್ಷೆಯಲ್ಲಿ ಅರ್ಧ ಕ್ಲಾಸ್ ಫೇಲಾದರೂ ಯಾರೂ ಪ್ರತಿಭಟನೆ ಮಾಡುವುದಿಲ್ಲ. ಇಲ್ಲಾದರೆ ಪ್ರಿನ್ಸಿಪಾಲರ ಚೇಂಬರಿನಲ್ಲಿ ಪೋಷಕರು ತುಂಬಿರುತ್ತಿದ್ದರು.

ಗ್ರೇಡಿನ ಲೆಕ್ಕವೂ ತಲೆಕೆಳಗು. 1.0 ಎಂದರೆ ಅತ್ಯುತ್ತಮ, 4.0 ಎಂದರೆ ಜಸ್ಟ್ ಪಾಸ್, 5.0 ಎಂದರೆ ಫೇಲ್. ನಮ್ಮ ಮಾರ್ಕನ್ನು ಅದಕ್ಕೆ ಬದಲಾಯಿಸಲು ಒಂದು ಸೂತ್ರ ಇದೆ. ಹತ್ತಕ್ಕೆ ಎಂಟು ಸಿಜಿಪಿಎ, ಪಾಸ್ ಅಂಕ ನಾಲ್ಕು ಎಂದಾದರೆ 2.0 ಬರುತ್ತದೆ. ಅಪ್ಲಿಕೇಶನ್ ಹಾಕುವಾಗ ಮಾತ್ರ ಇದರ ಚಿಂತೆ. ಅಲ್ಲಿ ಹೋದ ಮೇಲೆ 2.7 ಬಂದವನು ಅಮ್ಮನಿಗೆ ಅದನ್ನು ವಿವರಿಸುವ ಕಷ್ಟ ಇದ್ದದ್ದೇ.

ಪರೀಕ್ಷೆ ಮುಗಿದ ಮೇಲೆ ನಡೆಯುವ ಒಂದು ಸಂಗತಿ ನನಗೆ ತುಂಬಾ ಮುಖ್ಯ ಅನಿಸುತ್ತದೆ. ಫಲಿತಾಂಶ ಬಂದ ಮೇಲೆ ಒಂದು ದಿನ ನಿಗದಿ ಮಾಡುತ್ತಾರೆ. ಆ ದಿನ ನೀವು ಹೋಗಿ ನಿಮ್ಮದೇ ಉತ್ತರ ಪತ್ರಿಕೆ ಎದುರಿಗಿಟ್ಟುಕೊಂಡು ಕೂರಬಹುದು. ಕೆಂಪು ಗುರುತುಗಳೆಲ್ಲ ಅಲ್ಲೇ ಇರುತ್ತವೆ. ತಿದ್ದಿದ ಸಹಾಯಕರು ಕೋಣೆಯಲ್ಲೇ ಇರುತ್ತಾರೆ. 'ಮೂರನೇ ಪ್ರಶ್ನೆಗೆ ಎರಡು ಅಂಕ ಯಾಕೆ ಕಡಿಮೆ?' ಎಂದು ನೇರ ಕೇಳಬಹುದು. ಅವರು ಹಾಳೆ ತಿರುಗಿಸಿ ಇಲ್ಲಿ ಚಿಹ್ನೆ ತಪ್ಪಿದೆ ಎಂದು ತೋರಿಸುತ್ತಾರೆ, ಇಲ್ಲವೇ ಹೌದಲ್ಲ ಎಂದು ಅಂಕ ಸೇರಿಸುತ್ತಾರೆ. ನಮ್ಮಲ್ಲಿ ಫೋಟೊಕಾಪಿಗೆ ಫೀಸ್, ರೀವ್ಯಾಲ್ಯುಯೇಶನ್‌ಗೆ ಇನ್ನೊಂದು ಫೀಸ್, ಫಲಿತಾಂಶ ಬರುವಷ್ಟರಲ್ಲಿ ಮುಂದಿನ ಪರೀಕ್ಷೆ. ಎಲ್ಲಿ ತಪ್ಪಿದೆವು ಎಂದು ಯಾರೂ ಕೂತು ಹೇಳುವುದಿಲ್ಲ. ಆದರೆ ನಮ್ಮ ಮಕ್ಕಳಲ್ಲಿ ಎಷ್ಟೋ ಮಂದಿ ಈ ದಿನಕ್ಕೆ ಹೋಗುವುದೇ ಇಲ್ಲ. ಪ್ರೊಫೆಸರ್ ಬೇಜಾರು ಮಾಡಿಕೊಂಡರೆ ಎಂಬ ಭಯ. ಮಾರ್ಕಿನ ಬಗ್ಗೆ ಮೇಷ್ಟ್ರನ್ನು ಪ್ರಶ್ನೆ ಮಾಡುವುದು ಉದ್ಧಟತನ ಎಂದು ಕಲಿತು ಬಂದವರು ನಾವು.

ಅಲ್ಲಿ ಮೇಷ್ಟ್ರು ಗೆಳೆಯರ ಹಾಗೆ ಇರುತ್ತಾರೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅದು ಅಮೆರಿಕದ ಚಿತ್ರ. ಜರ್ಮನ್ ಪ್ರೊಫೆಸರಿಗೆ ಇಮೇಲ್ ಬರೆಯುವಾಗ ಪದವಿ ಸಮೇತ ಹೆಸರು ಹಾಕಿ, ಗೌರವದಿಂದಲೇ ಶುರು ಮಾಡಬೇಕು. ಹೇಳದೆ ಕೇಳದೆ ಕೋಣೆಗೆ ನುಗ್ಗುವಂತಿಲ್ಲ. ಆದರೆ ಅದೇ ಪ್ರೊಫೆಸರಿಗೆ ನಿಮ್ಮ ಸಮೀಕರಣ ತಪ್ಪಿದೆ ಎಂದು ತುಂಬಿದ ಕ್ಲಾಸಿನಲ್ಲಿ ಹೇಳಬಹುದು, ಅದು ಅಗೌರವ ಅಲ್ಲ. ನಮ್ಮಲ್ಲಿ ಮೇಷ್ಟ್ರ ಮನೆಗೆ ಹೋಗಿ ಕಾಫಿ ಕುಡಿದು ಬರಬಹುದು, ತಪ್ಪು ಮಾತ್ರ ತೋರಿಸುವಂತಿಲ್ಲ.

ಮೌಖಿಕ ಪರೀಕ್ಷೆಯಲ್ಲಿ ಇದು ಬಯಲಿಗೆ ಬೀಳುತ್ತದೆ. ನಮಗೆ ವೈವಾ ಎಂದರೆ ರೆಕಾರ್ಡ್ ಬುಕ್, ನಾಲ್ಕು ಪ್ರಶ್ನೆ, ಒಂದು ನಮಸ್ಕಾರ. ಅಲ್ಲಿ ಎಷ್ಟೋ ಮಾಸ್ಟರ್ಸ್ ವಿಷಯಗಳ ಇಡೀ ಗ್ರೇಡು ಅರ್ಧ ಗಂಟೆಯ ಮಾತಿನಲ್ಲಿ ತೀರ್ಮಾನವಾಗುತ್ತದೆ. ಒಬ್ಬರು ಪ್ರೊಫೆಸರ್, ಪಕ್ಕದಲ್ಲಿ ಟಿಪ್ಪಣಿ ಬರೆದುಕೊಳ್ಳುವ ಇನ್ನೊಬ್ಬರು, ಎದುರಿಗೆ ನೀವು, ಒಂದು ಖಾಲಿ ಹಾಳೆ. 'ಶುರು ಮಾಡಿ' ಎನ್ನುತ್ತಾರೆ. ವ್ಯಾಖ್ಯೆ ಒಪ್ಪಿಸಿದರೆ, 'ಸರಿ, ಈ ಷರತ್ತು ತೆಗೆದುಹಾಕಿದರೆ ಏನಾಗುತ್ತದೆ?' ಎನ್ನುತ್ತಾರೆ. ಗೊತ್ತಿಲ್ಲ ಎಂದು ಹೇಳಿ, ಅಲ್ಲೇ ಹಾಳೆಯ ಮೇಲೆ ಗೀಚುತ್ತಾ ಯೋಚಿಸಿದರೆ ಅಂಕ ಉಂಟು. ಸುಮ್ಮನೆ ತಲೆ ತಗ್ಗಿಸಿ ಕೂತರೆ ಇಲ್ಲ. ನಮ್ಮ ಹುಡುಗ ವಿನಯದಿಂದ ತಲೆ ತಗ್ಗಿಸಿದ್ದು ಅವರಿಗೆ ಏನೂ ಗೊತ್ತಿಲ್ಲ ಎಂದು ಕಾಣುತ್ತದೆ.

ನಕಲಿನ ಬಗ್ಗೆ ಒಂದು ಮಾತು. ಅಲ್ಲಿ ಪ್ರಬಂಧದ ಕೊನೆಯಲ್ಲಿ ಇದು ನನ್ನದೇ ಕೆಲಸ ಎಂದು ಸಹಿ ಹಾಕಬೇಕು, ಆ ಸಹಿಗೆ ತೂಕ ಇದೆ. 2011ರಲ್ಲಿ ರಕ್ಷಣಾ ಸಚಿವ ಗುಟೆನ್‌ಬರ್ಗ್, 2013ರಲ್ಲಿ ಸಾಕ್ಷಾತ್ ಶಿಕ್ಷಣ ಸಚಿವೆ ಶಾವಾನ್, ಇಬ್ಬರೂ ಹಳೇ ಡಾಕ್ಟರೇಟ್ ಪ್ರಬಂಧದ ಕಾರಣಕ್ಕೆ ಪದವಿಯನ್ನೂ ಕುರ್ಚಿಯನ್ನೂ ಕಳೆದುಕೊಂಡರು. ರೆಡಿಮೇಡ್ ಪ್ರಾಜೆಕ್ಟ್ ಕೊಂಡು ಬೈಂಡ್ ಮಾಡಿಸಿ ಬಂದವರು ಇದನ್ನು ಸ್ವಲ್ಪ ನೆನಪಿಟ್ಟುಕೊಳ್ಳಬೇಕು.

ಹಾಗಂತ ನಮ್ಮ ಕಾಣದ ಪರೀಕ್ಷಕನನ್ನು ಸುಮ್ನೆ ಬೈಯಲು ನಾನು ತಯಾರಿಲ್ಲ. ಬಂಟ್ವಾಳದ ಹಳ್ಳಿಯ ಬ್ಯಾರಿ ಹುಡುಗಿ, ಕುಂದಾಪುರದ ಮೀನುಗಾರರ ಮಗ, ಮಂಗಳೂರಿನ ದೊಡ್ಡ ಡಾಕ್ಟರ ಮಗಳು, ಮೂವರೂ ಒಂದೇ ಪೇಪರ್ ಬರೆಯುತ್ತಾರೆ. ತಿದ್ದುವವನಿಗೆ ಕಾಣುವುದು ನಂಬರ್ ಮಾತ್ರ. ಹೆಸರಿಲ್ಲ, ಜಾತಿಯಿಲ್ಲ, ಅಪ್ಪನ ಪರಿಚಯವಿಲ್ಲ. ಮೇಷ್ಟ್ರಿಗೇ ಪೂರ್ತಿ ಅಧಿಕಾರ ಕೊಟ್ಟಿದ್ದರೆ ಈ ಊರಿನಲ್ಲಿ ಎಷ್ಟು ಮಕ್ಕಳು ಮೇಲೆ ಬರುತ್ತಿದ್ದರು ಎಂಬ ಪ್ರಶ್ನೆ ಗಂಭೀರವಾದದ್ದೇ. ಮಾರ್ಕನ್ನು ನಾವು ಇಷ್ಟು ನಂಬುವುದು ಹುಚ್ಚಿನಿಂದಲ್ಲ, ಬೇರೆ ಯಾವುದನ್ನೂ ನಂಬುವ ಹಾಗಿರಲಿಲ್ಲ ಎಂಬ ಕಾರಣಕ್ಕೆ.

ಈಗ ಇಲ್ಲೂ ಪರಿಸ್ಥಿತಿ ಬದಲಾಗಿದೆ. ಸುರತ್ಕಲ್‌ನ ಎನ್‌ಐಟಿಕೆ, ಮಣಿಪಾಲದ ಮಾಹೆ ವಿಶ್ವವಿದ್ಯಾಲಯ ತಮ್ಮ ಪೇಪರ್ ತಾವೇ ಸೆಟ್ ಮಾಡುತ್ತವೆ. ತಮ್ಮ ಪರೀಕ್ಷೆ ತಾವೇ ನಡೆಸುವ ಸ್ವಾಯತ್ತ ಕಾಲೇಜುಗಳು ಜಾಸ್ತಿಯಾಗಿವೆ. ಸಂತ ಅಲೋಶಿಯಸ್ ಕೂಡ 2024ರಲ್ಲಿ ಡೀಮ್ಡ್ ವಿಶ್ವವಿದ್ಯಾಲಯವಾಯಿತು. ಅಂದರೆ ಮೇಷ್ಟ್ರು ವಕೀಲರ ಕೋಟು ಕಳಚಿ ನ್ಯಾಯಾಧೀಶರ ಕುರ್ಚಿಗೆ ಬಂದಿದ್ದಾರೆ. ಆದರೆ ಅಭ್ಯಾಸ ಬಿಡಬೇಕಲ್ಲ! ಎಷ್ಟೋ ಸ್ವಾಯತ್ತ ಕಾಲೇಜುಗಳಲ್ಲಿ ಮೇಷ್ಟ್ರೇ ಕ್ವೆಶ್ಚನ್ ಬ್ಯಾಂಕ್ ಕೊಡುತ್ತಾರೆ, ಅದರಿಂದಲೇ ಪೇಪರ್ ತೆಗೆಯುತ್ತಾರೆ. ಎರಡೂ ಪದ್ಧತಿಯ ಲಾಭ ಹೋಯಿತು. ಹೊರಗಿನವರ ನಿಷ್ಪಕ್ಷಪಾತವೂ ಇಲ್ಲ, ಒಳಗಿನವರ ಆಳವೂ ಇಲ್ಲ. ನನ್ನ ಪ್ರಕಾರ ಇವತ್ತು ನಮ್ಮ ಕರಾವಳಿಯಲ್ಲಿ ಚರ್ಚೆಯಾಗಬೇಕಾದ ವಿಷಯ ಇದು, ಯಾವ ಜಿಲ್ಲೆ ಮೊದಲು ಬಂತು ಎಂಬುದಲ್ಲ.

ಕೈಕೆಲಸ ಮತ್ತು ಡಿಗ್ರಿ

ಜರ್ಮನಿಯ ದಾರಿ ಮಂಗಳೂರಿಗೆ ಹೊಸದಲ್ಲ. 1834ರಲ್ಲಿ ಬಾಸೆಲ್ ಮಿಷನ್ನಿನವರು ಇಲ್ಲಿಗೆ ಬಂದರು. ಸಂಸ್ಥೆ ಸ್ವಿಟ್ಜರ್ಲೆಂಡಿನದ್ದು, ಬಂದವರಲ್ಲಿ ಹಲವರು ಜರ್ಮನ್ನರು. 1841ರಲ್ಲಿ ಮುದ್ರಣಾಲಯ, 1843ರಲ್ಲಿ ಮೋಗ್ಲಿಂಗರ 'ಮಂಗಳೂರ ಸಮಾಚಾರ' ಪತ್ರಿಕೆ, 1865ರಲ್ಲಿ ಜೆಪ್ಪುವಿನಲ್ಲಿ ಪ್ಲೆಬ್ಸ್ಟ್ ಶುರು ಮಾಡಿದ ಹಂಚಿನ ಕಾರ್ಖಾನೆ. ಅಕ್ಷರ ಕಲಿಸಿದವರೇ ಅಚ್ಚು ಜೋಡಿಸುವುದು, ನೇಯುವುದು, ಹಂಚು ಮಾಡುವುದನ್ನೂ ಕಲಿಸಿದರು. ಕೆಲಸದ ಜಾಗದಲ್ಲೇ ಕಲಿಯುವುದು ಎಂಬ ಪದ್ಧತಿಯನ್ನು ಈ ಊರು ಆಗಲೇ ನೋಡಿತ್ತು. (ಮೋಗ್ಲಿಂಗರಿಗೂ ಕಿಟೆಲರಿಗೂ ಕನ್ನಡದ ಕೆಲಸಕ್ಕೆ ಡಾಕ್ಟರೇಟ್ ಕೊಟ್ಟದ್ದು ಟ್ಯೂಬಿಂಗೆನ್ ವಿಶ್ವವಿದ್ಯಾಲಯ. ಅದು ಇರುವುದು ಈಗ ನಮ್ಮ ಮಕ್ಕಳಿಂದ 1,500 ಯೂರೋ ಫೀಸ್ ಕೇಳುವ ರಾಜ್ಯದಲ್ಲೇ!)

ಆ ಪಾಠ ನಮ್ಮಲ್ಲಿ ನಿಲ್ಲಲಿಲ್ಲ. ಐಟಿಐ ಎಂದರೆ ಮಾರ್ಕು ಬಾರದವರಿಗೆ ಎಂದಾಯಿತು. ಜರ್ಮನಿಯಲ್ಲಿ ಮುನ್ನೂರಕ್ಕೂ ಜಾಸ್ತಿ ವೃತ್ತಿಗಳಿಗೆ ಮೂರು ವರ್ಷದ ಆಸುಪಾಸಿನ ತರಬೇತಿ ಇದೆ. ವಾರದಲ್ಲಿ ಒಂದೆರಡು ದಿನ ಶಾಲೆ, ಉಳಿದ ದಿನ ಕಂಪನಿಯಲ್ಲಿ ಕೆಲಸ, ಜೊತೆಗೆ ಸಂಬಳ. ಬ್ಯಾಂಕಿನ ಗುಮಾಸ್ತರೂ ಬೇಕರಿಯವರೂ ಹೀಗೇ ತಯಾರಾಗುತ್ತಾರೆ.

ಈ ವ್ಯತ್ಯಾಸ ಜೋರಾಗಿ ತಟ್ಟುವುದು ನಮ್ಮ ನರ್ಸುಗಳಿಗೆ. ಮಂಗಳೂರು ಸುತ್ತಮುತ್ತ ನರ್ಸಿಂಗ್ ಕಾಲೇಜುಗಳಿಗೆ ಲೆಕ್ಕವಿಲ್ಲ. ಬಿಎಸ್ಸಿ ನರ್ಸಿಂಗ್ ಇಲ್ಲಿ ನಾಲ್ಕು ವರ್ಷದ ಡಿಗ್ರಿ. ಜರ್ಮನಿಯಲ್ಲಿ ನರ್ಸಿಂಗ್ ಹೆಚ್ಚಾಗಿ ಮೂರು ವರ್ಷದ ವೃತ್ತಿ ತರಬೇತಿ, 2,100 ಗಂಟೆ ತರಗತಿ, 2,500 ಗಂಟೆ ವಾರ್ಡಿನಲ್ಲಿ. ಜರ್ಮನ್ ಭಾಷೆ ಕಲಿತು, ಪರೀಕ್ಷೆ ದಾಟಿ ಹೋದ ಡಿಗ್ರಿ ನರ್ಸಿಗೆ ಅಲ್ಲಿ ಮೊದಲ ವಾರ ಬರುವ ಕೆಲಸ ಯಾವುದು ಗೊತ್ತೇ? ರೋಗಿಗೆ ಸ್ನಾನ ಮಾಡಿಸುವುದು, ಊಟ ಮಾಡಿಸುವುದು, ಡೈಪರ್ ಬದಲಿಸುವುದು. ನಮ್ಮ ಆಸ್ಪತ್ರೆಗಳಲ್ಲಿ ಇದನ್ನು ಮನೆಯವರು ಇಲ್ಲವೇ ಆಯಾ ಮಾಡುತ್ತಾರೆ. ಇಂಜೆಕ್ಷನ್, ಡ್ರಿಪ್ ಹಾಕಲು ಕಲಿತ ಕೈಗೆ ಇದು ಹಿಂಬಡ್ತಿ ಎನಿಸುತ್ತದೆ. ಅಲ್ಲಿಯವರಿಗೆ ಅದೇ ನರ್ಸಿಂಗಿನ ತಿರುಳು. ಮುದುಕರಿಗೆ ಸ್ನಾನ ಮಾಡಿಸುವಾಗಲೇ ಚರ್ಮ ಹೇಗಿದೆ, ಉಸಿರು ಹೇಗಿದೆ, ಮನಸ್ಸು ಹೇಗಿದೆ ಎಂದು ನೋಡುವುದು ತರಬೇತಿಯ ಭಾಗ. ಭಾಷೆ ಕಲಿಸುವ ಸೆಂಟರುಗಳು ವ್ಯಾಕರಣ ಹೇಳಿಕೊಡುತ್ತವೆ, ಇದನ್ನು ಹೇಳಿಕೊಡುವುದು ಕಡಿಮೆ.

ಜರ್ಮನಿಯಲ್ಲಿ ಎಲ್ಲ ಚೆನ್ನಾಗಿದೆ ಎಂದೇನಲ್ಲ. ಹೆಚ್ಚಿನ ರಾಜ್ಯಗಳಲ್ಲಿ ನಾಲ್ಕನೇ ಕ್ಲಾಸ್ ಮುಗಿಯುತ್ತಲೇ ಯಾವ ಮಗು ಯಾವ ಥರದ ಶಾಲೆಗೆ ಎಂದು ವಿಂಗಡಿಸುತ್ತಾರೆ. ಹತ್ತು ವರ್ಷದ ಮಗು ಅದು! ಡಾಕ್ಟರ ಮಗು ವಿಶ್ವವಿದ್ಯಾಲಯದ ದಾರಿಗೆ, ಕಾರ್ಮಿಕರ ಮಗು, ವಲಸಿಗರ ಮಗು ಬೇರೆ ದಾರಿಗೆ ಹೋಗುವುದು ಜಾಸ್ತಿ. ಹಲವು ದೇಶಗಳ ಹದಿನೈದು ವರ್ಷದ ಮಕ್ಕಳಿಗೆ ನಡೆಸುವ ಪಿಸಾ ಪರೀಕ್ಷೆಯಲ್ಲಿ, 2000ದಲ್ಲಿ, ಇದು ಬಯಲಾದಾಗ ಇಡೀ ದೇಶ ಬೆಚ್ಚಿತು. 2022ರ ಪಿಸಾದಲ್ಲಿ ಅವರ ಅಂಕ ಅದುವರೆಗಿನ ಅತಿ ಕಡಿಮೆ. ಹತ್ತರ ಬದಲು ಹದಿನೇಳಕ್ಕೆ ವಿಂಗಡಿಸುವ ನಮ್ಮ ಪದ್ಧತಿ ಈ ಒಂದು ವಿಷಯದಲ್ಲಿ ವಾಸಿ ಎಂದೇ ನನ್ನ ಲೆಕ್ಕ.

ಹೊರಡುವ ಮಕ್ಕಳಿಗೆ ಚಳಿಯ ಜಾಕೆಟ್, ಪ್ರೆಶರ್ ಕುಕ್ಕರ್, ಉಪ್ಪಿನಕಾಯಿ ಎಲ್ಲ ಕಟ್ಟಿಕೊಡುತ್ತೇವೆ. ಜೊತೆಗೆ ಕಟ್ಟಿಕೊಡಬೇಕಾದ್ದು ಇನ್ನೊಂದಿದೆ. ಅಲ್ಲಿ ಪ್ರತಿ ಕೋರ್ಸಿಗೂ ಒಂದು ಪರೀಕ್ಷಾ ನಿಯಮಾವಳಿ ಇರುತ್ತದೆ, ವಿಶ್ವವಿದ್ಯಾಲಯದ ವೆಬ್‌ಸೈಟಿನಲ್ಲೇ ಪಿಡಿಎಫ್ ಆಗಿ ಸಿಗುತ್ತದೆ. ಎಷ್ಟೋ ಕಡೆ ಜರ್ಮನ್ ಭಾಷೆಯಲ್ಲೇ ಇರುತ್ತದೆ, ಅನುವಾದದ ಆ್ಯಪ್‌ಗೆ ಹಾಕಿದರೆ ಅರ್ಥವಾಗುತ್ತದೆ. ಎಷ್ಟು ಸಲ ಬರೆಯಬಹುದು, ಹೆಸರು ವಾಪಸ್ ತೆಗೆಯುವ ಕೊನೆಯ ದಿನ ಯಾವುದು, ಯಾವ ವಿಷಯಕ್ಕೆ ಮೌಖಿಕ, ಹುಷಾರಿಲ್ಲದಿದ್ದರೆ ಡಾಕ್ಟರ ಸರ್ಟಿಫಿಕೇಟ್ ಎಷ್ಟು ದಿನದೊಳಗೆ ಕೊಡಬೇಕು, ಎಲ್ಲ ಅದರಲ್ಲಿದೆ. ಅಡ್ಮಿಶನ್ ಲೆಟರ್ ಬಂದ ವಾರವೇ ಅದನ್ನು ಓದಿ, ಅಕ್ಟೋಬರಿನಲ್ಲಿ ಕ್ಲಾಸ್ ಶುರುವಾಗುವ ಮೊದಲು ಮೊದಲ ಸೆಮಿಸ್ಟರಿಗೆ ಎಷ್ಟು ವಿಷಯ ತೆಗೆದುಕೊಳ್ಳಬೇಕು ಎಂದು ತೀರ್ಮಾನ ಮಾಡಿ. ಆರರ ಬದಲು ನಾಲ್ಕು ತೆಗೆದುಕೊಂಡರೂ ಅಲ್ಲಿ ಯಾರೂ ಏನೂ ಅಂದುಕೊಳ್ಳುವುದಿಲ್ಲ.